ಬಂದೂಕಿಗೆ ಕೆನ್ನೆ ಕೊಟ್ಟವರು

ಮೌನಪ್ಪ ಕಾಕಾ ದಾಡಿ ಮಾಡಿಸಿಕೊಂಡು ಓಣಿಗೆ ಬಂದನೆಂದರೆ ಯಾವುದೋ ಗೌಡರ ವಾಡೆಯ ಬಂದೂಕು ದುರಸ್ತಿಯಾಗಿ ಸಿದ್ಧವಾಗಿದೆ ಎಂದೇ ಅರ್ಥ. ಮದುವೆ ಮುಂಜಿಗೂ ಗಡ್ಡ ತೆಗೆಸದ ಮನುಷ್ಯ, ಬಂದೂಕಿಗೆ ಮಾತ್ರ ನುಣ್ಣನೆಯ ಕೆನ್ನೆ ಕೊಡುತ್ತಿದ್ದ. ತಾನು ಕೂಡಿಸಿದ ಮರದ ಹಿಡಿಕೆಗೆ ಕೆನ್ನೆ ಆನಿಸಿ ಮೊದಲ ಗುಂಡು ತಾನೇ ಹಾರಿಸಬೇಕು. ಆಮೇಲೆಯೇ ಅದು ಒಡೆಯರ ಕೈಗೆ.

"ಕೂಡಿಸಿದ ಜೋಡು ಬಿಟ್ರ ನನ್ನ ಗಲ್ಲ ಹರೀಲಿ, ಮಂದೀದ್ಯಾಕ?" ಎನ್ನುತ್ತಿದ್ದ.

ತಾಳಿಕೋಟೆಯಲ್ಲಿ ಅವನ ಗೋಡೆಗೆ ನಮ್ಮ ಗೋಡೆ ಹತ್ತಿತ್ತು. ಎಪ್ಪತ್ತರ ದಶಕದಲ್ಲಿ ಶಿಕಾರಿ ನಿಂತುಹೋಗಿ, ಹಳೆಯ ಬಂದೂಕುಗಳು ಮಹಾನವಮಿಯ ಪೂಜೆಗಷ್ಟೇ ಹೊರಬರುತ್ತಿದ್ದವು. ವಾಡೆಯ ಮಂದಿ ವರ್ಷವರ್ಷವೂ ಭಕ್ತಿಯಿಂದ ಎಣ್ಣೆ ಸುರಿದು, ಅರಿಷಿಣ ಕುಂಕುಮ ಮೆತ್ತಿ, ಗಟ್ಟಿ ಮರವನ್ನೂ ಮೆತ್ತಗೆ ಮಾಡಿಬಿಡುತ್ತಿದ್ದರು. ಕಾಕಾ ಅದಕ್ಕೆ ಖಡು, ಎಂದರೆ ಸೀಮೆಸುಣ್ಣದ ಪುಡಿ ಬಳಿದು, ಬಿಸಿಲಿಗಿಟ್ಟು, ಕುಡಿದ ಎಣ್ಣೆಯನ್ನೆಲ್ಲ ಕಕ್ಕಿಸಿ ಬಿರುಕು ಕೂಡಿಸುತ್ತಿದ್ದ. ಕೊನೆಗೆ ಅಗಸೆ ಎಣ್ಣೆಯನ್ನು ಹನಿ ಹನಿಯಾಗಿ ಅಂಗೈಯಿಂದ ತಿಕ್ಕಿ ಹೊಳಪು ತರುವುದು ಹೆಂಡತಿ ಗಂಗವ್ವ ಕಾಕುನ ಕೆಲಸ.

ಹೆಸರು ಮೌನಪ್ಪನಾದರೂ ಬಾಯಿ ಸುಮ್ಮನಿರುತ್ತಿರಲಿಲ್ಲ. ಬಾಗೇವಾಡಿ ಕಡೆಯ ಗೌಡರೊಬ್ಬರು "ಜೋಡು ಎಲ್ಲಿ ಹಾಕೀರಿ?" ಎಂದು ಕೇಳಿದಾಗ, "ಹುಡುಕ್ರಿ. ಸಿಕ್ರ ನನ್ನ ಮೀಸಿ ಬೋಳಸ್ತೇನಿ" ಅಂದಿದ್ದ. ಗೌಡರು ಬಂದೂಕನ್ನು ಬಿಸಿಲಿಗೆ ಹಿಡಿದು ತಿರುವಿ ತಿರುವಿ ನೋಡಿದರು. ಮೀಸೆ ಉಳಿಯಿತು.

ಅವನ ಕೊನೆಯ ಕೆಲಸ ತಂಗಡಗಿ ಕಡೆಯ ದೇಸಾಯರ ಬಂದೂಕು. ಕುತ್ತಿಗೆಯ ಹತ್ತಿರ ಎರಡು ತುಂಡಾಗಿದ್ದ ಹಿಡಿಕೆ. ಕೂಡಿಸಿದ್ದೇನೋ ಆಯಿತು, ಹಾರಿಸುವ ಮೊದಲೇ ಕಾಕಾಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಮಹಾನವಮಿ ಹತ್ತಿರ ಬಂತು. ಚಕ್ಕಡಿಯಲ್ಲಿ ಅವನನ್ನು ಊರ ಹೊರಗಿನ ಹೊಲಕ್ಕೆ ಕರೆತಂದೆವು. ದೇಸಾಯರ ಮಗ ಮೆಲ್ಲಗೆ, "ಗಿಡಕ್ಕ ಕಟ್ಟಿ, ಹಗ್ಗಾ ಜಗ್ಗಿ ಹಾರಸೂಣ್ರಿ ಕಾಕಾ" ಎಂದ.

"ಹಂಗ ಹಾರಿಸಿದ್ರ ಗಿಡದ ಮರ್ಯಾದಿ ಉಳೀತೈತಿ. ನಂದಲ್ಲ."

ಗಂಗವ್ವ ಕಾಕು ಸೆರಗು ಸಿಗಿಸಿಕೊಂಡು ಬಂದೂಕು ಎತ್ತಿಕೊಂಡಳು. "ಎಣ್ಣಿ ತಿಕ್ಕಿದಾಕಿ ನಾನು. ನನ್ನ ಗಲ್ಲಾನೂ ನಡೀತೈತಿ."

"ಏ ಹುಚ್ಚಿ, ಇಡು ಕೆಳಗ!" ಕಾಕಾ ಕೂಗಿದ. ತನ್ನ ಕೆಲಸದ ಮೇಲೆ ಅವನಿಗೇ ಅನುಮಾನ ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಯಾಕ್ರಿ? ಕೆಲಸ ಖೊಟ್ಟಿ ಐತೇನು?"

ಕಾಕಾಗೆ ಹೌದೆನ್ನಲು ಬರುವಂತಿಲ್ಲ, ಇಲ್ಲವೆಂದರೆ ಅವಳು ಹಾರಿಸುತ್ತಾಳೆ. ಅವಳು ಉತ್ತರಕ್ಕೆ ಕಾಯಲೂ ಇಲ್ಲ. ದೇಸಾಯರ ಮಗ ತೋರಿಸಿದಂತೆ ಹೆಗಲಿಗೆ ಒತ್ತಿ, ಕೆನ್ನೆ ಆನಿಸಿ, ಬಂದೂಕಿನ ಕುದುರೆ ಎಳೆದೇಬಿಟ್ಟಳು.

ಹೊಲದ ಹಕ್ಕಿಗಳೆಲ್ಲ ಎದ್ದವು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು, ಬೀಳಲಿಲ್ಲ. ನನ್ನ ಎದೆ ಉಬ್ಬಿಬಂತು. ಇವರು ನಮ್ಮ ಓಣಿಯವರು ಎಂದು ಕೂಗಿ ಹೇಳಬೇಕೆನಿಸಿತು.

ದೇಸಾಯರ ಮಗ ಬಂದೂಕು ತಂದು ಹಿಡಿದ. ಮರ ಎಲ್ಲೂ ಬಿಟ್ಟಿರಲಿಲ್ಲ. ಕಾಕಾ ಅದನ್ನು ನೋಡಲೇ ಇಲ್ಲ. ಎಡಗೈ ಚಾಚಿ, ಅಷ್ಟು ಮಂದಿಯ ಎದುರು ಹೆಂಡತಿಯ ಮುಖವನ್ನು ಬೆಳಕಿಗೆ ತಿರುವಿ, ಕೆನ್ನೆಯನ್ನು ಮೆಲ್ಲಗೆ ಸವರಿದ.

"ಒಂದ ಗೀರೂ ಇಲ್ಲ," ಎಂದ.

ಆ ಚಳಿಗಾಲದಲ್ಲೇ ಕಾಕಾ ಹೋದ. ಸುದ್ದಿ ತಿಳಿದು ಬಂದವರೆಲ್ಲ ಅವನ ಕೈಗುಣ ಹೊಗಳಿದರು. ಕಾಕು ಕಣ್ಣೊರೆಸಿಕೊಂಡು ಎಲ್ಲರಿಗೂ ಒಂದೇ ಮಾತು ಹೇಳಿದಳು: "ನನಗ ಗೊತ್ತಿತ್ರಿ. ಅವರಿಗೇ ಗೊತ್ತಿರಲಿಲ್ಲ."