ಜೋಳದ ದಂಟಿನ ಇನ್ನೊಂದು ತುದಿ

ನಾನು ನೋಡುತ್ತಿದ್ದಂತೆಯೇ ಅತ್ತೆ ಜೋಳದ ದಂಟಿನ ತುದಿಯನ್ನು ಮೆಲ್ಲಗೆ ಕೈಬಿಟ್ಟರು. ಇನ್ನೊಂದು ತುದಿ ಹಿಡಿದು ಮುಂದೆ ನಡೆಯುತ್ತಿದ್ದ ನನ್ನ ಮಗಳಿಗೆ ಅದು ಗೊತ್ತೇ ಆಗಲಿಲ್ಲ. ಹದಿನಾರು ತಿಂಗಳಾದರೂ ಯಾರದಾದರೂ ಬೆರಳು ಹಿಡಿಯದೆ ಅವಳು ಒಂದು ಹೆಜ್ಜೆಯನ್ನೂ ಇಟ್ಟವಳಲ್ಲ; ಅಂದು ಬೆರಳಿನ ಬದಲು ಅತ್ತೆ ಆ ದಂಟು ಹಿಡಿಸಿದ್ದರು. ಪಕ್ಕದ ಮನೆಯ ಕೂಸು ಹತ್ತು ತಿಂಗಳಿಗೇ ನಡೆದದ್ದನ್ನು ಮೋಟೆಬೆನ್ನೂರಿನ ನಮ್ಮ ಓಣಿಯವರು ದಿನಾ ನೆನಪಿಸುತ್ತಿದ್ದರು. ನನಗೆ ಊಟ ಸೇರುತ್ತಿರಲಿಲ್ಲ.

ಅಂಗಳದ ನಡುವೆ ಮಗಳು ಅನುಮಾನಿಸಿ ನಿಂತಳು.

“ನಾ ಹಿಡದೇನಿ, ನೀ ನಡಿ ನನ್ನವ್ವಾ,” ಎಂದರು ಅತ್ತೆ, ಎರಡೂ ಕೈ ಸೆರಗಿನೊಳಗೆ ಕಟ್ಟಿಕೊಂಡು. ಬಿಟ್ಟ ತುದಿ ಮಣ್ಣಿನಲ್ಲಿ ಗೆರೆ ಎಳೆಯುತ್ತ ಅವಳ ಹಿಂದೆ ತುಳಸಿಕಟ್ಟೆಯವರೆಗೂ ಹೋಯಿತು.

ಇಪ್ಪತ್ತು ವರ್ಷವಾಯಿತು. ಅತ್ತೆ ಈಗಿಲ್ಲ. ಒಬ್ಬಳೇ ಏನಾದರೂ ಮಾಡಲು ಹೆದರಿದಾಗ ನಾನು ಇಂದಿಗೂ ಆ ಸುಳ್ಳನ್ನು ನಂಬಿಯೇ ಹೆಜ್ಜೆ ಇಡುತ್ತೇನೆ.