ಮಾಯದ ಹುಣ್ಣು

ಬಳ್ಳಾರಿಯ ಆಸ್ಪತ್ರೆಯೊಂದರ ಲ್ಯಾಬೊರೇಟರಿಯಲ್ಲಿ ಉಚ್ಚೆಂಗೆಪ್ಪ ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದ. ರೋಗಿಯ ಮೈಯಿಂದ ಡಾಕ್ಟರು ಕತ್ತರಿಸಿ ಕೊಟ್ಟ ಚೂರನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಗಾಜಿನ ಮೇಲಿಡುವುದು ಅವನ ಕೆಲಸ. ಅವನ ಕೈ ನಡುಗದಿರುವುದನ್ನು ಮೆಚ್ಚಿ ಡಾಕ್ಟರ್ ಚಿದಾನಂದಪ್ಪ ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನೂ ಕಲಿಸಿದ್ದರು.

“ಚರ್ಮದಾಗಿನ ಜೀವಕೋಶ ಒಂದು ಹೋಗಿ ಎರಡಾಗತೈತಿ. ಗಾಯ ಆದ್ರ ಲಗೂನ ಒಡದು ಹೆಚ್ಚತಾವು, ಗಾಯ ಮುಚ್ಚಿದ ಕೂಡ್ಲೆ ಸುಮ್ಮನಾಗತಾವು. ಕ್ಯಾನ್ಸರಿನಾಗ ಸುಮ್ಮನಾಗೋದನ್ನ ಮರೀತಾವು. ಅವುಕ್ಕ ಹುಟ್ಟಿದ್ದವುಕ್ಕೂ ಅದಾ ಮರವು,” ಎಂದಿದ್ದರು.

ಅವನನ್ನು ಸಾಕಿದವಳು ಕುರುಗೋಡಿನ ಅಕ್ಕ ಹೊನ್ನೂರಮ್ಮ. ತಾಯಿ ಸತ್ತಾಗ ಅವನಿಗೆ ಮೂರು ವರ್ಷ, ಅವಳಿಗೆ ಹದಿಮೂರು. ಸಿರುಗುಪ್ಪದ ಗದ್ದೆಗಳಿಗೆ ನಾಟಿಗೆ ಹೋಗುತ್ತಿದ್ದಳು. ಹಸಿವು ಗೊತ್ತಾಗದಿರಲೆಂದು ಸುಣ್ಣ ತಿಕ್ಕಿದ ತಂಬಾಕನ್ನು ಎಡಗೆನ್ನೆಯಲ್ಲಿ ಒತ್ತಿಕೊಳ್ಳುವುದನ್ನು ಅಲ್ಲಿಯೇ ಕಲಿತಳು.

೧೯೪೯ರ ದೀಪಾವಳಿಗೆ ಅವನು ಊರಿಗೆ ಹೋದಾಗ ಅಕ್ಕ ಬಾಯಿ ತೆರೆದು ತೋರಿಸಿದಳು. “ನೋಡಪಾ, ಖಾರ ತಿನ್ನಾಕ ಆಗವಲ್ದು.”

ಕೆನ್ನೆಯೊಳಗೆ ಬಿಳಿ ಮಚ್ಚೆ, ನಡುವೆ ಚಿಕ್ಕ ಕೆಂಪು ಹುಣ್ಣು. ಬಸ್ಸಿಗೆ ಹೊತ್ತಾಗಿತ್ತು. “ಹಲ್ಲು ತಾಗೈತಿ. ಉಪ್ಪುನೀರು ಮುಕ್ಕಳಸು,” ಎಂದು ಹೇಳಿ ಹೊರಟುಬಿಟ್ಟ.

ಯುಗಾದಿ ಕಳೆದ ಮೇಲೆ ಅವಳೇ ಬಳ್ಳಾರಿಗೆ ಬಂದಳು. ಕೆನ್ನೆ ಊದಿಕೊಂಡಿತ್ತು. ಹುಣ್ಣಿನ ಅಂಚಿನಿಂದ ಚೂರು ತೆಗೆದ ಡಾಕ್ಟರು, “ಇದನ್ನ ನೀನು ಮುಟ್ಟಬ್ಯಾಡ,” ಎಂದರು. ಅವನು ಕೇಳಲಿಲ್ಲ, ತಾನೇ ಕೊಯ್ದ, ತಾನೇ ಬಣ್ಣ ಹಾಕಿದ.

ಡಾಕ್ಟರು ಬರುವ ಮೊದಲೇ ಅವನು ಕಣ್ಣಿಟ್ಟು ನೋಡಿದ. ಕೋಶಗಳ ನಡುಬೀಜಗಳು ಕಪ್ಪಾಗಿ ಉಬ್ಬಿದ್ದವು. ಎಲ್ಲೆಲ್ಲೂ ಕೋಶಗಳು ಒಡೆಯುತ್ತಿದ್ದವು. ಕೆಲವು ಎರಡಾಗುವ ಬದಲು ಮೂರು ಕಡೆಗೆ ಎಳೆದಾಡುತ್ತಿದ್ದವು. ಚರ್ಮದ ತಳದ ಗೆರೆ ದಾಟಿ ಮಾಂಸದೊಳಗೆ ಇಳಿದಿದ್ದವು. ಅವನು ಎದ್ದು ಕೈ ತೊಳೆದುಕೊಂಡ, ಮತ್ತೊಮ್ಮೆ ತೊಳೆದುಕೊಂಡ.

ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಅಕ್ಕ, “ಏನಂತಪಾ?” ಎಂದಳು.

“ಮದ್ರಾಸಿಗೆ ಹೋಗಬೇಕಕ್ಕ.”

“ನೀ ಅವತ್ತು ಹಲ್ಲು ಅಂದಿದ್ದಿ.”

ಅವಳು ದೂರಿದ್ದಲ್ಲ, ನೆನಪಾದದ್ದನ್ನು ಹೇಳಿದ್ದಳಷ್ಟೆ.

ಮದ್ರಾಸಿನಲ್ಲಿ ಕೆನ್ನೆಗೆ ರೇಡಿಯಂ ಸೂಜಿಗಳನ್ನು ಚುಚ್ಚಿದರು. ಹುಣ್ಣು ಕುಗ್ಗಿತು. ಅಕ್ಕ ಆ ವರ್ಷದ ದೀಪಾವಳಿಗೆ ಮೆತ್ತಗೆ ಕಲಸಿದ ಹೋಳಿಗೆ ತಿಂದಳು. ಸಂಕ್ರಾಂತಿಯ ಹೊತ್ತಿಗೆ ಕುತ್ತಿಗೆಯಲ್ಲಿ ಕಲ್ಲಿನಂಥ ಗಂಟು ಎದ್ದಿತು. ಕೆಲವು ಕೋಶಗಳು ಸೂಜಿಗಿಂತ ಮುಂಚೆಯೇ ಅಲ್ಲಿಗೆ ಹೋಗಿದ್ದವು ಎಂದರು ಡಾಕ್ಟರು. ಎಷ್ಟು ಮುಂಚೆ ಎಂದು ಉಚ್ಚೆಂಗೆಪ್ಪ ಕೇಳಲಿಲ್ಲ.

ಕುರುಗೋಡಿನ ಮನೆಯಲ್ಲಿ ಅಕ್ಕ ಒಂದು ದಿನ ತೊದಲುತ್ತಾ, “ಯಾರದೋ ಕಣ್ಣು ಬಿದ್ದೈತಿ ಅಂತಾರ,” ಎಂದಳು.

“ಯಾರ ಕಣ್ಣೂ ಅಲ್ಲಕ್ಕ. ನಿನ್ನ ಮೈಯಾಗಿನ ಕೋಶಾನಾ. ತಂಬಾಕು ಮೂವತ್ತು ವರ್ಷ ಸುಟ್ಟೈತಿ. ಸುಟ್ಟಾಗೆಲ್ಲಾ ಹೊಸಾವು ಹುಟ್ಟಿ ಹುಟ್ಟಿ, ಒಂದು ದಾರಿ ತಪ್ಪೈತಿ.”

“ತಂಬಾಕು ಇಲ್ಲಂದ್ರ ಹಸಿವಿಗೆ ಏನು ಮಾಡ್ತಿದ್ನಲೇ? ನಿನಗ ಮುದ್ದಿ ಇಟ್ಟು ನಾನು ಅದನ್ನ ತಿಂದೀನಿ.”

೧೯೫೧ರ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಕೊನೆಯ ಎಂಟು ದಿನ ನೀರೂ ಇಳಿಯಲಿಲ್ಲ.

ಆಮೇಲೆ ಉಚ್ಚೆಂಗೆಪ್ಪ ಭಾನುವಾರಗಳಲ್ಲಿ ಟಾರ್ಚು ಹಿಡಿದು ಸಿರುಗುಪ್ಪಕ್ಕೆ ಹೋಗತೊಡಗಿದ. ಬುತ್ತಿ ಬಿಚ್ಚುವ ಹೊತ್ತಿಗೆ ಗದ್ದೆಯ ಬದುವಿನಲ್ಲಿ ನಿಂತು ಹೆಂಗಸರಿಗೆ ಬಾಯಿ ತೆರೆಯಲು ಹೇಳುತ್ತಿದ್ದ. ಅವರು ನಗುತ್ತಿದ್ದರು, ಬೈಯುತ್ತಿದ್ದರು. ಎರಡು ವರ್ಷದಲ್ಲಿ ಅವನು ಆಸ್ಪತ್ರೆಗೆ ಬರಲು ಹೇಳಿದ್ದು ಒಂಬತ್ತು ಜನರಿಗೆ. ಬಂದವರು ಇಬ್ಬರು, ಒಬ್ಬಳದು ಆಗಲೇ ಕೈಮೀರಿತ್ತು.

ಇನ್ನೊಬ್ಬಳು ಮೂಕಮ್ಮ. “ನಾಟಿ ಮುಗೀಲಿ,” ಎಂದಿದ್ದಳು.

“ನಾಟಿ ಮುಗಿಯೋ ತನಕ ಅದು ಕಾಯಂಗಿಲ್ಲ ತಾಯಿ,” ಎಂದು ಅವನು ನಾಲ್ಕು ವಾರ ಅವಳ ಬಾಗಿಲಿಗೆ ಹೋದ. ಐದನೆಯ ವಾರ ಅವಳು ಗೊಣಗುತ್ತಲೇ ಬಸ್ಸು ಹತ್ತಿದಳು. ಅವಳ ಕೆನ್ನೆಯ ಚೂರನ್ನು ಉಚ್ಚೆಂಗೆಪ್ಪ ತಾನೇ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಕೋಶಗಳು ಇನ್ನೂ ಚರ್ಮದ ತಳದ ಗೆರೆ ದಾಟಿರಲಿಲ್ಲ.