ಗೂಡಿನಲ್ಲಿ ಉಳಿದ ಒಂದು ಜೊತೆ ಬೂಟು

ತೊಬಿ ಬೆಟ್ಟದ ಮೇಲೆ ಯಾರಾದರೂ ಉಳಿದಿದ್ದಾರೆಯೇ ಎಂದು ತೀರ್ಮಾನಿಸುವ ಅಧಿಕಾರ ಜನರನ್ನು ಮೇಲೇರಿಸುವ ಲಿಫ್ಟ್ ಯಂತ್ರಕ್ಕಿಲ್ಲ, ಹವಾಮಾನದವರಿಗೂ ಇಲ್ಲ. ಅದು ಒರಿಯೆಯದು. ಇಪ್ಪತ್ತೆರಡು ವರ್ಷಗಳಿಂದ ಆಕೆ ನಮ್ಮ ತಂಗುಮನೆಯ ಬೂಟಿನ ಗೂಡಿಗೆ ಚಕ್ರವರ್ತಿನಿ. ಬೇಸಿಗೆಯಲ್ಲಿ ಚಾರಣಿಗರ ಕೈಗೆ ಕರಡಿ ಓಡಿಸುವ ಗಂಟೆ ಕೊಟ್ಟು, ಬೈದು ಕಳಿಸುತ್ತಾಳೆ. ಆ ಬೈಗುಳ ಕೇಳಿದ ಕರಡಿಗೆ ಗಂಟೆಯ ಅಗತ್ಯವಿರುವುದಿಲ್ಲ. ಚಳಿಗಾಲದಲ್ಲಿ ಸ್ಕೀ ಮಾಡಲು ಬಂದವರು ತಮ್ಮ ಬೂಟು ಗೂಡಿನಲ್ಲಿಟ್ಟು, ಸ್ಕೀ ಬೂಟು ತೊಟ್ಟು ಮೇಲೇರುತ್ತಾರೆ. ಗೂಡು ಖಾಲಿಯಾದರೆ ಬೆಟ್ಟ ಖಾಲಿ. ಈ ಶಾಸ್ತ್ರ ಎಂದೂ ಸುಳ್ಳಾಗಿರಲಿಲ್ಲ.

ಕಳೆದ ಫೆಬ್ರವರಿಯ ಒಂದು ಸಂಜೆ ನಾಲ್ಕೂವರೆಗೆ, ದಿನದ ಕೊನೆಗೆ ಧ್ವನಿವರ್ಧಕದಲ್ಲಿ ಹಾಕುವ ಮುಚ್ಚುವ ಹಾಡು ಮುಗಿದಾಗ, ಮೂರನೆಯ ಸಾಲಿನಲ್ಲಿ ಒಂದು ಜೊತೆ ಕಪ್ಪು ಬೂಟು ಉಳಿದಿತ್ತು. ಹೊರಗೆ ಹಿಮಗಾಳಿ ಎದ್ದಿತ್ತು. ಲಿಫ್ಟಿನ ಎರಡನೆಯ ಕಂಬ ಆಗಲೇ ಕಾಣುತ್ತಿರಲಿಲ್ಲ.

"ರೀ, ಒಬ್ಬ ಮೇಲೇ ಉಳ್ಕೊಂಡವ್ನೆ!" ಎಂದು ಒರಿಯೆ ಕೂಗಿದಳು.

ಆಕೆಯ ಗಂಡ ಕಾತ್ಸುಜಿ ಬೆಟ್ಟದ ಕಾವಲಿನವನು. ತಂಗುಮನೆಯೊಳಗಿನ ನನ್ನ ಅಂಗಡಿಯ ಸೋಬಾ ನೂಡಲ್ ಬಟ್ಟಲು ಅರ್ಧಕ್ಕೇ ಬಿಟ್ಟು, ಸ್ಕೀ ಕಟ್ಟಿಕೊಂಡು, ಕೊನೆಯ ಲಿಫ್ಟಿನಲ್ಲಿ ಬಿಳಿಯೊಳಗೆ ಮಾಯವಾದ. ಎಂಥ ವೀರ! ವಾಕಿಟಾಕಿ ಮಾತ್ರ ಬಟ್ಟಲಿನ ಪಕ್ಕದಲ್ಲೇ ಉಳಿದಿತ್ತು.

ಬರುವವನಿಗೆ ಬೆಚ್ಚಗಿರಲಿ ಎಂದು ಒರಿಯೆ ಆ ಬೂಟುಗಳನ್ನು ಒಲೆಯ ಬಳಿ ಇಡಲು ಹೋದಳು. ಕೈಗೆತ್ತಿಕೊಂಡವಳು ಹಾಗೇ ನಿಂತಳು. ಗೂಡಿನ ಕೆಳಮೂಲೆ ನೋಡಿದಳು.

"ತೆರಾವೊ-ಸಾನ್, ನಮ್ಮೆಜಮಾನ್ರ ಬೂಟೆಲ್ಲಿ?"

"ಗಿರಾಕಿ ಗೂಡಲ್ಲಿ ಇಡ್ಬೇಡಿ ಅಂತ ದಿನಾ ಬಯ್ತಿದ್ರಲ್ಲ, ಅಲ್ಲೇ ಇರ್ಬೇಕು," ಎಂದೆ.

ಇರಲಿಲ್ಲ. ಕಾತ್ಸುಜಿಯದೂ ಪೇಟೆಯ ಒಂದೇ ಅಂಗಡಿಯಲ್ಲಿ ಅರ್ಧ ಜಿಲ್ಲೆ ಕೊಳ್ಳುವ ಅದೇ ಕಪ್ಪು ಬೂಟು. ಯಾರೋ ಪುಣ್ಯಾತ್ಮ ತನ್ನದೆಂದುಕೊಂಡು ಕಾತ್ಸುಜಿಯದನ್ನು ಮೆಟ್ಟಿಕೊಂಡು ಮನೆಗೆ ಹೋಗಿದ್ದ. ಅಂದರೆ ಬೆಟ್ಟದ ಮೇಲೆ ಯಾವ ಗಿರಾಕಿಯೂ ಇರಲಿಲ್ಲ. ಈಗ ಇದ್ದವನು ಕಾತ್ಸುಜಿ ಒಬ್ಬನೇ, ಇಲ್ಲದವನನ್ನು ಹುಡುಕುತ್ತ. ಅವನ ಸ್ವಭಾವ ನಮಗೆ ಗೊತ್ತು. ಸಿಗುವವರೆಗೆ ಇಳಿಯುವವನಲ್ಲ.

ಒರಿಯೆ ಕಿಟಕಿಯಾಚೆಯ ಬಿಳಿಯತ್ತ ತಿರುಗಿದಳು. "ನಾನೇ ಕಳಿಸಿದ್ನಲ್ಲ," ಎಂದಳು. ಅಷ್ಟು ಸಣ್ಣ ದನಿ ಆಕೆಯಲ್ಲಿದೆಯೆಂದು ನನಗೆ ಅಂದೇ ಗೊತ್ತಾದದ್ದು.

ಮರುಕ್ಷಣ ಹಾಡು ಹಾಕುವ ಮೈಕು ಕಿತ್ತುಕೊಂಡಳು. ಇಳಿಜಾರಿನ ಅಷ್ಟೂ ಧ್ವನಿವರ್ಧಕಗಳು ಒಮ್ಮೆಗೇ ಗುಡುಗಿದವು.

"ರೀ! ಕಾತ್ಸುಜಿ! ಮೇಲೆ ಯಾರೂ ಇಲ್ಲ, ಯಾರೋ ನಿಮ್ ಬೂಟು ಮೆಟ್ಕೊಂಡು ಹೋಗವ್ನೆ, ಇಳೀರಿ! ಕಿವಿ ಕೇಳ್ಸತ್ತಾ? ಮೂವತ್ತು ವರ್ಷದಿಂದ ಹೇಳ್ತಿದೀನಿ, ನನ್ ಮಾತು ಒಂದ್ಸಲನಾದ್ರೂ ಕೇಳಿ! ಮದುವೆ ದಿನಾನೂ ತಡವಾಗೇ ಬಂದ್ರಿ!"

ಐದು ನಿಮಿಷ. ಹತ್ತು. ಅವನ ಗೊರಕೆ, ಅವನು ಒಡೆದುಹಾಕಿದ ಅನ್ನದ ಪಾತ್ರೆ, ಅತ್ತೆಯ ಉಪ್ಪಿನಕಾಯಿ, ಎಲ್ಲ ಬೆಟ್ಟವೇರಿದವು. ನಡುನಡುವೆ ಆಕೆ ಮೈಕು ಮುಚ್ಚಿ ಕಿವಿಗೊಡುತ್ತಿದ್ದಳು. ಗಾಳಿ ಬಿಟ್ಟರೆ ಏನೂ ಇಲ್ಲ. ನನ್ನ ಸೋಬಾ ಬೇಯಿಸುವ ನೀರು ಬತ್ತಿಹೋಯಿತು. ಇಪ್ಪತ್ತೈದನೆಯ ನಿಮಿಷಕ್ಕೆ ಆಕೆಯ ಗಂಟಲು ಒಡೆಯಿತು. ಬೈಗುಳ ಮುಗಿದಿತ್ತು. "ಬನ್ರೀ... ಬನ್ರೀ..." ಅಷ್ಟೇ ಉಳಿದಿತ್ತು.

ಬಾಗಿಲು ತೆರೆಯಿತು. ಹಿಮದ ರಾಶಿಯೊಂದು ಒಳಗೆ ಬಂತು.

"ದಾರಿ ಕಾಣ್ತಿರ್ಲಿಲ್ಲ ಕಣೇ," ಎಂದಿತು ಹಿಮದ ರಾಶಿ. "ನೀನು ಬಯ್ಯೋ ಕಡೆಗೇ ಇಳಿದೆ. ಉಪ್ಪಿನಕಾಯಿ ವಿಷ್ಯ ಊರಿಗೆಲ್ಲ ಯಾಕೆ ಹೇಳ್ದೆ?"

ಒರಿಯೆ ಅವನನ್ನು ಕೂರಿಸಿ, ಸ್ಕೀ ಬೂಟು ಕಳಚಿ, ಒಲೆಯ ಬಳಿಯ ಬೂಟುಗಳನ್ನು ಕಾಲಿಗೆ ತೊಡಿಸಿದಳು. ಅವನು ಬೆರಳು ಆಡಿಸಿ ನೋಡಿದ.

"ಇವು ಹೊಸವು! ನೀರೂ ಇಳಿಯಲ್ಲ. ನನ್ನ ಹಳೇವು ಮೆಟ್ಕೊಂಡು ಹೋದ ಮಹಾನುಭಾವ ಫೋನ್ ಮಾಡಿದ್ರೆ, ಲೇ, ಇವತ್ತೊಂದಿನ ಎತ್ಬೇಡ."